ಹುಬ್ಬಳ್ಳಿ ದೂರ ಅಂದುಕೊಂಡವನು ನಾನು

“ಇದನ್ನ ಒಂದ್‌ಸಲ ನೋಡ್ರಿ” ಎಂದು ಸೀಟು ಹಂಚಿಕೆಯ ಕಾಗದವನ್ನು ನನ್ನ ಮೇಜಿನ ಮೇಲಿಟ್ಟವರು ಪಕ್ಕದ ಹಳ್ಳಿಯ ಕುರಿಗಾರರೊಬ್ಬರು. ಹಾರೂಗೇರಿಯಲ್ಲಿ ನನ್ನದು ಆನ್‌ಲೈನ್ ಅರ್ಜಿ ತುಂಬಿಕೊಡುವ ಪುಟ್ಟ ಅಂಗಡಿ. ಅವರ ಮನೆಯಲ್ಲಿ ಕಾಲೇಜಿಗೆ ಹೊರಟ ಮೊದಲಿಗಳು ಅವರ ಮಗಳು. ನರ್ಸಿಂಗ್ ಕಾಲೇಜುಗಳ ಆಯ್ಕೆಪಟ್ಟಿಯನ್ನು ಅವಳಿಗೆ ತುಂಬಿಕೊಟ್ಟವನು ನಾನೇ.

ಅವಳು ನೋಟ್‌ಬುಕ್ಕಿನ ಹಾಳೆಯಲ್ಲಿ ಹುಬ್ಬಳ್ಳಿಯ ಸರ್ಕಾರಿ ಕಾಲೇಜನ್ನು ಮೊದಲು ಬರೆದು ತಂದಿದ್ದಳು. ಕುರಿ ಕಾಯುವ ಮನೆಯವರು ಹುಡುಗಿಯನ್ನು ಅಷ್ಟು ದೂರ ಕಳಿಸಲಿಕ್ಕಿಲ್ಲ ಎಂದುಕೊಂಡು, ದಿನಾ ಬಸ್ಸಿನಲ್ಲಿ ಹೋಗಿ ಬರುವಂಥ ಖಾಸಗಿ ಕಾಲೇಜನ್ನು ನಾನು ಮೊದಲನೆಯದಾಗಿ ಹಾಕಿದೆ. ಅವಳಿಗೆ ಹೇಳಿಯೇ ಹಾಕಿದೆ. ತಿಳಿದವರು ಹೇಳುತ್ತಿದ್ದಾರಲ್ಲ ಎಂದು ಅವಳು ತಲೆಯಾಡಿಸಿದಳು. ಪಟ್ಟಿಯಲ್ಲಿ ಮೊದಲಿದ್ದುದರಿಂದ, ಇನ್ನು ಬದಲಿಸಲಾಗದ ಕೊನೆಯ ಸುತ್ತಿನಲ್ಲಿ ಸಿಕ್ಕಿದ್ದು ಅದೇ ಖಾಸಗಿ ಸೀಟು. ಅವಳಿಗಿಂತ ಎಷ್ಟೋ ಹಿಂದಿನ ರ‍್ಯಾಂಕಿನವರಿಗೆ ಹುಬ್ಬಳ್ಳಿ ಬಂದಿತ್ತು.

“ನಿಮಗ ಹತ್ರ ಆಗ್ಲಿ ಅಂತ ಮಾಡಿದ್ನಿರಿ” ಎಂದೆ.

ಅವರು ಸಿಟ್ಟಾಗಲಿಲ್ಲ. “ಪ್ರತಿ ವರ್ಷಾ ಕುರಿ ಹೊಡ್ಕೊಂಡು ಘಟ್ಟದ ತನಕಾ ನಡಕೊಂತ ಹೋಗ್ತೇವ್ರಿ. ಈಕಿ ಹುಟ್ಟಿದ್ದೂ ಆ ದಾರ್ಯಾಗ. ನಮಗ ಹುಬ್ಬಳ್ಳಿ ದೂರ ಏನ್ರಿ? ಒಂದ್ ಮಾತ ಕೇಳಬೇಕಿತ್ರಿ” ಎಂದು ಕಾಗದ ಮಡಚಿ ಕಿಸೆಗಿಟ್ಟುಕೊಂಡರು.

ಹುಡುಗಿ ಈಗ ಆ ಹತ್ತಿರದ ಕಾಲೇಜಿಗೇ ಹೋಗುತ್ತಾಳೆ. ಮೊದಮೊದಲು ಬಸ್ ನಿಲ್ದಾಣದಲ್ಲಿ ಸಿಕ್ಕಾಗಲೆಲ್ಲ, “ನೀವು ಅರ್ಜಿ ಹಾಕಿಕೊಟ್ಟದ್ದು ಭಾಳ ಉಪಕಾರ ಆತ್ರಿ ಸರ್” ಎನ್ನುತ್ತಿದ್ದಳು. ಅವಳ ಬಸ್ಸಿನ ಹೊತ್ತಿಗೆ ನಾನೀಗ ಆ ಕಡೆ ಹೋಗುವುದಿಲ್ಲ.