ಕಂಪ್ಯೂಟರಿಗೆ ಹೊದಿಸಿದ ಒದ್ದೆ ಬೆಡ್‌ಶೀಟ್

ಸ್ನೇಹಿತರೇ, ನಮ್ಮ ಆಫೀಸಿನ ಒಂದೇ ಒಂದು ಕಂಪ್ಯೂಟರಿಗೆ ಇವತ್ತು ಸ್ನಾನವಾಯಿತು. ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಯ ಪುಡಿಮಣ್ಣು ಸುರಿದು ಎದ್ದ ಸಯನೈಡ್ ಗುಡ್ಡದ ಕಡೆಯಿಂದ ಗಾಳಿ ಎದ್ದರೆ, ದೂಳು ಒಳಗೆ ಬಾರದಿರಲೆಂದು ಮನೆಮನೆಯ ಕಿಟಕಿಗೂ ಒದ್ದೆ ಬಟ್ಟೆ ಕಟ್ಟುತ್ತಾರೆ. ನಾನು ಊಟಕ್ಕೆ ಹೋಗಿದ್ದಾಗ ಗಾಳಿ ಎದ್ದಿದೆ. ಅಟೆಂಡರ್ ಮುನಿಯಪ್ಪ ಕಂಪ್ಯೂಟರಿಗೇ ನೀರು ಸೋರುವ ಬೆಡ್‌ಶೀಟ್ ಹೊದಿಸಿದ್ದಾನೆ. ಪುಣ್ಯಕ್ಕೆ ಕರೆಂಟ್ ಇರಲಿಲ್ಲ.

“ಏನಯ್ಯಾ ಇದು?” ಅಂದೆ.

“ದೂಳು ಬಿದ್ರೆ ಕೆಟ್ಟೋಗ್ತದೆ ಅಂತ ನೀವೇ ಏಳಿದ್ರಲ್ಲ ಸಾರ್. ಒಂದು ಚೂರು ದೂಳು ಐತಾ ನೋಡಿ.”

ಇರಲಿಲ್ಲ, ಒಪ್ಪಬೇಕು. ಸಂಜೆ ರೈಲಿಗೆ ಬಂಗಾರಪೇಟೆಯಿಂದ ಸಾಹೇಬರು ಈ ಕಂಪ್ಯೂಟರ್ ನೋಡಲೆಂದೇ ಬರುತ್ತಾರೆ. ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಬಿಚ್ಚಿ ಅಂಗಳದ ಬಿಸಿಲಿಗೆ ಹರಡಿದೆ. ಮುನಿಯಪ್ಪ ಗುಡ್ಡದ ಕಡೆ ನೋಡಿದ.

“ಮತ್ತೆ ಗಾಳಿ ಬರಂಗೈತೆ ಸಾರ್. ಬೆಡ್‌ಶೀಟ್ ನೆನೆಸ್ಕೊಂಡು ಬರ್ಲಾ?”