ನಾದಿನಿಯ ಚಿತ್ರ, ನನ್ನವಳ ಚೌಕಟ್ಟು

ನನ್ನ ಹೆಂಡತಿಯದು ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿ. ಮೊದಲು ಅದು ಅವಳ ಅಪ್ಪನದಾಗಿತ್ತು. ನಮ್ಮ ಮಾವ ಕಣ್ಣಳತೆಯಲ್ಲೇ ಮರ ಕೊಯ್ಯುತ್ತಿದ್ದ ಮನುಷ್ಯ. ಕೈ ನಡುಗತೊಡಗಿದಾಗ ಗರಗಸವನ್ನು ದೊಡ್ಡ ಮಗಳ ಕೈಗಿಟ್ಟರು, ಈಚೆಗೆ ಮಂಚ ಹಿಡಿದಿದ್ದಾರೆ. ಇಪ್ಪತ್ತೆರಡು ವರ್ಷದಿಂದ ಇವಳು ಮೂಲೆಗೆ ಮೂಲೆ ಕೂಡಿಸುತ್ತಿದ್ದಾಳೆ. ಮೊದಮೊದಲು ಮಾವ ತಪ್ಪು ಎತ್ತಿ ತೋರಿಸುತ್ತಿದ್ದರು, ಆಮೇಲೆ ಅದೂ ನಿಂತಿತು. ‘ಚೆನ್ನಾಗಿದೆ’ ಎಂಬ ಮಾತು ಮಾತ್ರ ಅವರ ಬಾಯಿಂದ ಬರಲೇ ಇಲ್ಲ. ಗಿರಾಕಿಗಳು ಎಷ್ಟು ಹೊಗಳಿದರೂ ಇವಳಿಗೆ ಅದು ಲೆಕ್ಕಕ್ಕಿಲ್ಲ. ಅಪ್ಪನ ಆ ಒಂದು ಮಾತಿಗೆ ಚಾತಕಪಕ್ಷಿಯ ಹಾಗೆ ಕಾದಳು.

ಹೀಗಿರುವಾಗ ನನ್ನ ನಾದಿನಿ ಚಿತ್ರ ಬರೆಯಲು ಕಲಿತು, ಅಪ್ಪನಿಗೆಂದು ಅಂಗೈ ಅಗಲದ ಒಂದು ಚಿತ್ರ ತಂದಳು. ಬೂದು ಬಣ್ಣದ ನಡುವೆ ಒಂದು ಹಳದಿ ಗೆರೆ, ಅಷ್ಟೇ. ಮಾವ ಅದನ್ನು ಅತ್ತಿತ್ತ ತಿರುಗಿಸಿ ನೋಡಿ, ಚೆನ್ನಾಗಿದೆ ಎಂದುಬಿಟ್ಟರು. ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅನ್ನುತ್ತಾರೆ. ನನ್ನವಳಿಗೆ ಅದು ಅಡಿಯಿಂದ ಮುಡಿಯವರೆಗೆ ಏರಿತು.

ಚೌಕಟ್ಟು ಹಾಕಿದ್ದೂ ಇವಳೇ, ಒಂದೇ ಬೆಳಿಗ್ಗೆ. ಮಂಚದ ಎದುರಿನ ಗೋಡೆಗೆ ನಾನೇ ಮೊಳೆ ಹೊಡೆದೆ. ಅಂದಿನಿಂದ ಮಾವನಿಗೆ ಅದನ್ನು ದಿಟ್ಟಿಸುವುದೇ ಕೆಲಸವಾಯಿತು. ಊಟ ಕೊಡುವವಳು, ಮಾತ್ರೆ ನುಂಗಿಸುವವಳು, ಉಗುರು ಕತ್ತರಿಸುವವಳು ಇವಳು. ಅವರ ಕಣ್ಣು ಮಾತ್ರ ಗೋಡೆಯ ಮೇಲೆ. ಆ ಗೆರೆ ತೀರಿಹೋದ ಅಮ್ಮನ ನೆನಪಂತೆ, ನಾದಿನಿ ಫೋನಿನಲ್ಲಿ ಅರ್ಧ ಗಂಟೆ ವಿವರಿಸಿದಳು. ನನಗೂ ಒಂದು ದಿನ ಅದು ದೂರಕ್ಕೆ ಹೋಗುವ ದಾರಿಯಂತೆ ಕಂಡು, ಬಾಯಿ ತಪ್ಪಿ ಹೇಳಿಬಿಟ್ಟೆ. ನನ್ನವಳಿಗೆ ಎರಡು ದಿನ ನನ್ನೊಂದಿಗೂ ಮಾತಿಲ್ಲ, ಕತೆಯಿಲ್ಲ.

“ಬೂದಿ ಬಳಿದು ಗೆರೆ ಎಳೆದ್ರೆ ನೆನಪು. ನಾನು ದಿನಾ ಕಣ್ಣೆದುರಿಗೇ ಇದ್ದರೆ ಏನೂ ಅಲ್ಲ,” ಎಂದಳು ಮೂರನೆಯ ದಿನ.

ಮೊನ್ನೆ ಮಾವನ ಹಾಸಿಗೆ ಬದಲಿಸುವಾಗ ಅವಳಿಗೆ ತಡೆಯಲಾಗಲಿಲ್ಲ.

“ಅದ್ರಲ್ಲಿ ಅಂಥದ್ದೇನಪ್ಪಾ ಕಾಣ್ಸುತ್ತೆ ನಿಮಗೆ?”

ಮಾವ ಗೋಡೆಯತ್ತ ಬೆರಳು ತೋರಿಸಿದರು.

“ಚಿತ್ರ ಒಂದು ದಿನ ನೋಡಿದೆ, ಮುಗೀತು. ನಾನು ನೋಡ್ತಿರೋದು ಎಡಗಡೆ ಮೇಲಿನ ಮೂಲೆ. ಕೂದಲೆಳೆಯಷ್ಟು ಸಂದು ಬಿಟ್ಟಿದೀಯ. ಇಷ್ಟು ವರ್ಷದಲ್ಲಿ ನಿನ್ನ ಕೈ ಹೀಗೆ ತಪ್ಪಿದ್ದೇ ಇಲ್ಲ. ತಂಗಿ ಮೇಲೆ ಅಷ್ಟೊಂದು ಸಿಟ್ಟಾ?”

ಅವಳು ದಿಂಬಿನ ಚೀಲ ಎಳೆದು ಸರಿಮಾಡಿದಳು.

“ಅವಳ ಮೇಲಲ್ಲ. ನಿಮ್ಮ ಮೇಲೆ.”

ಮಾವ ಗೋಡೆ ಬಿಟ್ಟು ಅವಳ ಮುಖ ನೋಡಿದರು.