ಕಿವಿಯಿಂದ ಶುರು ಮಾಡಿ
ಅರಸೀಕೆರೆಯ ಭೀಮರಾಜನಿಗೆ ಕಾಫಿಗಿಂತ ಮೊದಲು ಚಿತ್ರ ಬರೆಯುವವರ ವಾಟ್ಸಾಪ್ ಗ್ರೂಪು ಬೇಕು. ಹಿಂದೆ ದಲಿತ ಚಳವಳಿಯಲ್ಲಿ ಗೋಡೆ ಮೇಲೆ ಘೋಷಣೆ ಬರೆದ ಕೈ ಅದು. ಈಗ ಫೋನಿನಲ್ಲಿ ಉಪದೇಶ ಒತ್ತುತ್ತದೆ. ಯಾರಾದರೂ ಹೂವು ಬರೆದು ಹಾಕಿದರೆ "ಚೆಂದಾಗೈತೆ, ಜೀವ ಇಲ್ಲ" ಅನ್ನುತ್ತಾನೆ. ಬೇಲೂರಿನ ಶಿಲಾಬಾಲಿಕೆ ಹಾಕಿದರೆ "ಅವಳನ್ನ ಬಿಡ್ರೀ, ಆ ಕಲ್ಲು ಹೊತ್ತೋಳನ್ನ ಬರೀರಿ" ಎಂದು ಗದರುತ್ತಾನೆ. ಫೋಟೋ ಇಲ್ಲದೆ ಸತ್ತವರನ್ನು ಬರೆಯುವುದಕ್ಕೆ ಅವನದು ಒಂದೇ ಸೂತ್ರ: "ಕಿವಿಯಿಂದ ಶುರು ಮಾಡಿ. ಉಳಿದದ್ದು ಕೈಗೇ ಗೊತ್ತು." ಅವನಿಗೆ ಮಾತ್ರ ಕಿವಿಯಾಚೆ ಕೈ ಓಡುವುದಿಲ್ಲ. ಎಳವೆಯಲ್ಲೇ ಕಳೆದುಕೊಂಡ ಅವ್ವ ದ್ಯಾವಮ್ಮನಿಗೂ ಫೋಟೋ ಇಲ್ಲ. ಪಟೇಲನ ಆಳು ಓಲೆ ಕಿತ್ತುಕೊಂಡಾಗ ಹರಿದ ಅವಳ ಎಡಗಿವಿಯೊಂದೇ ಅವನಿಗೆ ನೆನಪು. ಅದನ್ನು ಯಾರಿಗೂ ತೋರಿಸಿಲ್ಲ, ಹೇಳಿಯೂ ಇಲ್ಲ. ಆದರೂ ಹಾರನಹಳ್ಳಿಯವರೊಬ್ಬರು ಗ್ರೂಪಿಗೆ ಬರೆದು ಕಳಿಸಿದ ತಮ್ಮ ಅತ್ತೆಗೂ, ಗೆಂಡೆಹಳ್ಳಿಯವರೊಬ್ಬರು ಕಳಿಸಿದ ಅಜ್ಜಿಗೂ ಅದೇ ಹರಿದ ಎಡಗಿವಿ. ಮೊನ್ನೆ ಬೇಲೂರಿನ ಹಂಸಾ ಅರ್ಧ ಮುಖ ಬರೆದು ಕಳಿಸಿ, "ಸಾರ್, ನಮ್ಮಜ್ಜಿ ಕಿವಿ ಹರಿದಿರಲಿಲ್ಲ, ಮೂಗೂ ಹಿಂಗಿರಲಿಲ್ಲ. ಕೈ ತಾನಾಗೇ ಹೋಗ್ತಿದೆ, ಭಯ ಆಗ್ತಿದೆ. ಅಳಿಸಲಾ?" ಎಂದು ಕೇಳಿದಳು. ಭೀಮರಾಜ ಆ ಮೂಗನ್ನು ದೊಡ್ಡದು ಮಾಡಿ ನೋಡಿದ. ಕನ್ನಡಿಯಲ್ಲಿ ತನ್ನ ಮೂಗು ನೋಡಿಕೊಂಡ. ಅದೇ ಮೂಗು. ಆಮೇಲೆ ಒತ್ತಿದ: "ಅಳಿಸಬ್ಯಾಡ ಕಣವ್ವಾ. ಬಾಯಿ ಬರಿ."